ಹಾಲು ಸೋರುವ ಕುದುರೆಯ ಮೇಲೆ ಮದುಮಗ

ನಿನ್ನೆ ರಾತ್ರಿ ಬಳ್ಳಾರಿಯ ರಾಯಲ್ ವೃತ್ತದ ಬಳಿ ಒಂದು ಮದುವೆ ಮೆರವಣಿಗೆಯಲ್ಲಿ ಸಿಕ್ಕಿಕೊಂಡೆ. ಮುಂದೆ ಡಿಜೆ, ಹಿಂದೆ ಜರಿಯ ಜೂಲು ಹೊದ್ದ ಬಿಳಿ ಕುದುರೆ, ಮೇಲೆ ಮದುಮಗ. ಕುದುರೆ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಂದ ದಾರಿಯತ್ತ ಕತ್ತು ತಿರುಗಿಸಿ ಕೆನೆಯುತ್ತಿತ್ತು. ಸದ್ದಿಗೆ ಬೆದರಿದೆ ಎಂದರು ಯಾರೋ. ಬಗ್ಗಿ ನೋಡಿದರೆ ಕೆಚ್ಚಲು ಬಿಗಿದು, ಹಾಲು ತೊಡೆಯ ಮೇಲೆ ಇಳಿಯುತ್ತಿತ್ತು. ಮರಿ ಎಲ್ಲಿ ಎಂದು ಹಗ್ಗ ಹಿಡಿದವನನ್ನು ಕೇಳಿದೆ. "ಎರಡು ತಿಂಗಳದ್ದು ಅಣ್ಣ, ಒಂದನ್ನೇ ಲಾಯದಲ್ಲಿ ಕಟ್ಟಿ ಬಂದಿದ್ದೇವೆ. ತಾಯಿಯಿಂದ ಬೇಗ ಬಿಡಿಸಿದರೆ ಮನುಷ್ಯರಿಗೆ ಚೆನ್ನಾಗಿ ಪಳಗುತ್ತದೆ" ಎಂದ.

ಪಳಗುತ್ತದಂತೆ!

ಕೌಲ್ ಬಜಾರಿನ ಜಟಕಾದವರ ಮೊಮ್ಮಗ ಮತ್ತೆ ಕುದುರೆ ಪುರಾಣ ತೆಗೆದ ಎಂದು ನಗುತ್ತೀರಿ, ಗೊತ್ತು. ನಗಿರಿ. ಆದರೆ ಹನ್ನೊಂದು ತಿಂಗಳು ಹೊತ್ತು ಹೆರುವ ಪ್ರಾಣಿ ಅದು. ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ, ಇನ್ನೊಂದು ಗಂಟೆಯಲ್ಲಿ ಕೆಚ್ಚಲು ಹುಡುಕಿಕೊಳ್ಳುತ್ತದೆ. ರೋಗ ತಡೆಯುವ ಶಕ್ತಿ ಅದಕ್ಕೆ ಗರ್ಭದಲ್ಲಿ ಸಿಗುವುದಿಲ್ಲ, ಮೊದಲ ದಿನದ ಗಿಣ್ಣುಹಾಲಿನಿಂದಲೇ ಬರಬೇಕು. ಆ ದಿನಗಳಲ್ಲಿ ತಾಯಿ ತನ್ನ ಗುಂಪಿನ ಕುದುರೆಗಳನ್ನೂ ಹತ್ತಿರ ಬಿಡುವುದಿಲ್ಲ. ಕಿವಿ ಹಿಂದಕ್ಕೆ ಮಲಗಿಸಿ ನಡುವೆ ನಿಂತುಬಿಡುತ್ತದೆ. ಗಂಟಲೊಳಗೇ ಮೆಲ್ಲಗೆ ಸದ್ದು ಮಾಡಿ ಮರಿಯನ್ನು ಕರೆಯುತ್ತದೆ. ಮರಿ ತಾಯಿಯ ಲದ್ದಿಯನ್ನೂ ತಿನ್ನುತ್ತದೆ. ಮುಖ ಸಿಂಡರಿಸಬೇಡಿ, ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಹೊಟ್ಟೆ ಸೇರುವುದು ಹಾಗೆಯೇ.

ಇನ್ನು ಪಳಗುವ ಮಾತು. ಕುದುರೆಗೆ ನಡತೆ ಕಲಿಸುವುದು ಕುದುರೆಗಳೇ. ಗಂಡು ಮರಿಗಳು ಹಿಂಗಾಲ ಮೇಲೆ ಎದ್ದು ಕಚ್ಚಾಡುತ್ತವೆ, ಹೆಣ್ಣು ಮರಿಗಳಿಗೆ ಓಟವೇ ಹೆಚ್ಚು. ಹಿರಿಯ ಕುದುರೆ ಎದುರಾದರೆ ಮರಿ ಕತ್ತು ಚಾಚಿ ಬಾಯಿ ಪಟಪಟ ಬಡಿಯುತ್ತದೆ: ನಾನು ಚಿಕ್ಕವನು, ಒದೆಯಬೇಡ. ಆಟದಲ್ಲಿ ಜೋರಾಗಿ ಕಚ್ಚಿದರೆ ತಿರುಗಿ ಕಚ್ಚಿಸಿಕೊಳ್ಳುತ್ತದೆ, ಮಿತಿ ಕಲಿಯುತ್ತದೆ. ಮನುಷ್ಯರ ಕೈಯಲ್ಲೇ ಒಂಟಿಯಾಗಿ ಬೆಳೆದ ಮರಿಗೆ ಆ ಪಾಠವೇ ಇಲ್ಲ. ಅದು ಮೈಮೇಲೆ ಕಾಲು ಹಾಕಿದರೆ ಈಗ ಮುದ್ದು, ವಿಡಿಯೋ ಮಾಡುತ್ತೀರಿ. ನಾಲ್ಕು ನೂರು ಕಿಲೋ ತೂಗುವಾಗಲೂ ಹಾಗೆಯೇ ಕಾಲು ಹಾಕುತ್ತದೆ, ಆಗ ವಿಡಿಯೋ ಮಾಡಿ ನೋಡೋಣ.

ಲಾಭಕ್ಕೆಂದೇ ಕುದುರೆ ಸಾಕುವ ತಳಿಕೇಂದ್ರಗಳೂ ಮರಿಯನ್ನು ತಾಯಿಯಿಂದ ಬಿಡಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳವರೆಗೆ ಕಾಯುತ್ತವೆ. ತಾಯಿಗೇ ಬಿಟ್ಟರೆ, ಮುಂದಿನ ಮರಿಯ ಕಾಲ ಹತ್ತಿರವಾದಾಗ ತಾನೇ ಹಾಲು ಬಿಡಿಸುತ್ತದೆ. ದಿಢೀರನೆ ಕಿತ್ತು ಒಂಟಿಯಾಗಿ ಕಟ್ಟಿದ ಮರಿಗಳಿಗೆ ಮರ ಕಚ್ಚಿ ಗಾಳಿ ನುಂಗುವ, ನಿಂತಲ್ಲೇ ತೂಗಾಡುವ ಚಟಗಳು ಅಂಟಿಕೊಳ್ಳುವುದುಂಟು. ಅದನ್ನು ನೋಡಿ 'ಕುದುರೆಗೆ ಸುಳಿ ಸರಿಯಿಲ್ಲ' ಎನ್ನುವವರೂ ನಾವೇ.

ಮೆರವಣಿಗೆಯಲ್ಲಿದ್ದ ಹಿರಿಯರೊಬ್ಬರು ನನಗೆ 'ನಮ್ಮದು ವಿಜಯನಗರದ ಗತ್ತು' ಎಂದರು. ಗೋವೆಯಿಂದ ಕುದುರೆ ತರಲು ಕೃಷ್ಣದೇವರಾಯ ಹಣ ಕೊಟ್ಟು ಕಳಿಸಿದ ವರ್ತಕ ಬಿಜಾಪುರದವರ ಕಡೆಗೆ ಓಡಿಹೋದದ್ದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಕುದುರೆಯ ಹಣಕ್ಕೆ ಯುದ್ಧ ಹೂಡಿದ ಸೀಮೆಯ ಗತ್ತು ಈಗ ಡಿಜೆ ಹಿಂದೆ ಹಾಲು ಸೋರಿಸುತ್ತ ನಡೆಯುತ್ತಿದೆ.

ಪಾಪ, ಅವರ ಹೊಟ್ಟೆಪಾಡು ಎನ್ನುತ್ತೀರಿ. ನಮ್ಮ ಮನೆಯ ಹೊಟ್ಟೆಯೂ ಕುದುರೆಯಿಂದಲೇ ತುಂಬಿದ್ದು. ಅಜ್ಜನ ಕುದುರೆ ಮರಿ ಹಾಕಿದಾಗ ಕೆಲವು ವಾರ ಗಾಡಿಯೇ ಹೂಡಲಿಲ್ಲ. ಆಮೇಲೆ ಮರಿ ಗಾಡಿಯ ಪಕ್ಕದಲ್ಲೇ ಸ್ಟೇಷನ್‌ವರೆಗೆ ಓಡುತ್ತಿತ್ತು. ಅದಕ್ಕೆ ಹಸಿವಾದಲ್ಲಿ ಗಾಡಿ ನಿಲ್ಲುತ್ತಿತ್ತು, ರೈಲು ತಪ್ಪುವ ಭಯದವರು ಬೈಯುತ್ತಿದ್ದರು, ಅಜ್ಜ ಬೀಡಿ ಹಚ್ಚುತ್ತಿದ್ದರು. ಅಂದಹಾಗೆ, ಇಷ್ಟೆಲ್ಲ ಬರೆಯುವ ನನಗೆ ಕುದುರೆ ಸವಾರಿ ಬರುವುದಿಲ್ಲ. ಹತ್ತಲು ಭಯ.

ಮುಂದಿನ ತಿಂಗಳು ನಮ್ಮ ಅಕ್ಕನ ಮಗನ ಮದುವೆ. ಅವನಿಗೂ ಬಿಳಿ ಕುದುರೆಯೇ ಬೇಕಂತೆ. ಮುಂಗಡ ಕೊಡುವ ಮೊದಲು ಲಾಯಕ್ಕೆ ನಾನೇ ಹೋಗುತ್ತೇನೆ, ಮರಿ ಇದ್ದರೆ ನೀನು ನಡೆದೇ ಹೋಗು ಎಂದಿದ್ದೇನೆ. ಅಕ್ಕ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.