ಮೊರಾಕ್ಕೊಗೆ ಹೊರಟಿದ್ದೀರಾ? ಶುಕ್ರವಾರ ಮಧ್ಯಾಹ್ನ ಖಾಲಿ ಇಟ್ಟುಕೊಳ್ಳಿ

ಮೊರಾಕ್ಕೊ ಟೂರ್ ಮುಗಿಸಿ ಬಂದವರ ಫೋಟೋ ನೋಡಿ. ಮಧ್ಯಾಹ್ನ ತಜೀನ್, ರಾತ್ರಿ ಮತ್ತೆ ತಜೀನ್. ಆಮೇಲೆ "ಅಲ್ಲಿ ಊಟ ಎಲ್ಲಾ ಒಂದೇ ತರ" ಅನ್ನುವ ದೂರು ಬೇರೆ. ತಜೀನ್ ಬಗ್ಗೆ ನನ್ನ ತಕರಾರಿಲ್ಲ. ಚೂಪು ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಕೋಳಿ, ಆಲಿವ್, ಉಪ್ಪು ಹಾಕಿಟ್ಟ ನಿಂಬೆಹಣ್ಣು ನಿಧಾನಕ್ಕೆ ಬೆಂದರೆ ಯಾರು ಬೇಡ ಅಂತಾರೆ? ಆದರೆ ಅದು ದಿನಾ ಸಿಗುತ್ತದೆ. ಅಲ್ಲಿನ ಬೇರೆ ಒಳ್ಳೆಯ ಅಡುಗೆಗಳಿಗೆ ಒಂದೊಂದು ಹೊತ್ತು ಅಂತ ಇದೆ. ಟೂರಿನವರು ಅದನ್ನು ಹೇಳುವುದೇ ಇಲ್ಲ.

ಕೂಸ್‌ಕೂಸ್ ಶುಕ್ರವಾರದ್ದು. ಮಧ್ಯಾಹ್ನದ ನಮಾಜ್ ಆದ ಮೇಲೆ ಮನೆಮಂದಿಯೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂರುತ್ತಾರೆ. ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ ಸಣ್ಣ ಕಾಳು ಮಾಡುತ್ತಾರೆ. ಕೆಳಗಿನ ಪಾತ್ರೆಯಲ್ಲಿ ಮಾಂಸ, ತರಕಾರಿ ಕುದಿಯುತ್ತಿರುತ್ತದೆ. ಅದರ ಮೇಲೆ ತೂತಿನ ಪಾತ್ರೆ, ಅದರಲ್ಲಿ ಈ ಕಾಳು. ಒಮ್ಮೆ ಹಬೆಯಾಡಿದ ಮೇಲೆ ಅಗಲ ತಟ್ಟೆಗೆ ಸುರಿದು, ನೀರು, ಎಣ್ಣೆ ಹಾಕಿ, ಬಿಸಿಬಿಸಿ ಇರುವಾಗಲೇ ಗಂಟು ಬಿಡಿಸಿ ಮತ್ತೆ ಹಬೆಗೆ ಇಡುತ್ತಾರೆ. ಸಾಮಾನ್ಯವಾಗಿ ಮೂರು ಸಲ. ಪ್ಯಾಕೆಟ್ ಕೂಸ್‌ಕೂಸ್‌ಗೆ ಬಿಸಿನೀರು ಹೊಯ್ದು "ಇದು ನಮ್ಮ ಉಪ್ಪಿಟ್ಟೇ ಅಲ್ವಾ" ಅನ್ನುವವರು ಇದನ್ನೊಮ್ಮೆ ತಿನ್ನಬೇಕು. ಜೊತೆಗೆ ಕುಡಿಯಲು ಮಜ್ಜಿಗೆ ಕೊಡುತ್ತಾರೆ. ನಮಗೆ ಇನ್ನೇನು ಬೇಕು?

2020ರಲ್ಲಿ ಕೂಸ್‌ಕೂಸ್ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಜೀರಿಯಾ, ಟುನೀಶಿಯಾ, ಮಾರಿಟೇನಿಯಾ, ಮೊರಾಕ್ಕೊ ನಾಲ್ಕೂ ಸೇರಿ ಅರ್ಜಿ ಹಾಕಿದ್ದವು. ಅಕ್ಕಪಕ್ಕ ಇದ್ದೂ ಆಗಿಬರದ ಅಲ್ಜೀರಿಯಾ, ಮೊರಾಕ್ಕೊ ಒಂದು ವಿಷಯಕ್ಕೆ ಒಪ್ಪಿದ್ದೇ ದೊಡ್ಡ ಸುದ್ದಿ ಬಿಡಿ.

ಮರ್ರಾಕೇಶ್‌ನಲ್ಲಿ ತಂಜಿಯಾ ತಿನ್ನಬೇಕೆಂದರೆ ಮೊದಲೇ ಹೇಳಿಡುವುದು ಒಳ್ಳೆಯದು. ಮಾಂಸ, ಬೆಳ್ಳುಳ್ಳಿ, ಜೀರಿಗೆ, ಕೇಸರಿ ಎಲ್ಲ ಮಣ್ಣಿನ ಹೂಜಿಗೆ ತುಂಬಿ, ಬಾಯಿಗೆ ಕಾಗದ ಕಟ್ಟುತ್ತಾರೆ. ಅದನ್ನು ಊರಿನ ಹಮಾಮ್‌ಗೆ, ಅಂದರೆ ಸ್ನಾನದ ಮನೆಗೆ ಒಯ್ದು, ಅಲ್ಲಿನ ಒಲೆಯ ಬಿಸಿ ಬೂದಿಯಲ್ಲಿ ಗಂಟೆಗಟ್ಟಲೆ ಹೂತಿಡುತ್ತಾರೆ. ಇದು ಗಂಡಸರು ಮಾಡುವ ಅಡುಗೆ ಅಂತಲೇ ಹೆಸರು. ನೀರು ಕಾಯಿಸುವ ಉರಿಯಲ್ಲೇ ಊಟವೂ ಆಗಿಹೋಗುತ್ತದೆ!

ಸಸ್ಯಾಹಾರಿಗಳು ಬೆಳಿಗ್ಗೆ ಬೇಗ ಏಳಿ. ಫೆಸ್‌ನಂತಹ ಹಳೇ ಊರುಗಳ ಓಣಿಗಳಲ್ಲಿ ಬಿಸ್ಸಾರ ಸಿಗುತ್ತದೆ. ಒಣಗಿದ ಫಾವಾ ಕಾಳನ್ನು ಬೆಳ್ಳುಳ್ಳಿ ಜೊತೆ ನುಣ್ಣಗೆ ಬೇಯಿಸಿದ ಗಟ್ಟಿ ಸೂಪು. ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಪಕ್ಕದಲ್ಲಿ ಬ್ರೆಡ್ಡು. ಚಳಿಗಾಲದಲ್ಲಿ ಇದರ ಮುಂದೆ ಹೋಟೆಲಿನ ಬಫೆ ಏನೂ ಅಲ್ಲ. ಬದನೆಕಾಯಿ ಬೇಯಿಸಿ ಮಸೆದು ಮಾಡುವ ಝಾಲೂಕ್ ಕೂಡ ಬಿಡಬೇಡಿ.

ಆದರೆ "ತರಕಾರಿ ಕೂಸ್‌ಕೂಸ್" ಅಂತ ಬರೆದಿದ್ದರೆ ಸುಮ್ನೆ ನಂಬಬೇಡಿ. ಎಷ್ಟೋ ಕಡೆ ತರಕಾರಿ ಬೆಂದಿರುವುದೇ ಮಾಂಸದ ರಸದಲ್ಲಿ. ಮಾಂಸ ಬೇಡ ಅನ್ನಲು ಅಲ್ಲಿನ ಅರಬ್ಬಿಯಲ್ಲಿ "ಬ್ಲಾ ಲ್ಹಮ್" ಅನ್ನಿ. ರಸದ ವಿಷಯ ಬೇರೆಯಾಗಿಯೇ ಕೇಳಿ, ಯಾಕೆಂದರೆ ತುಂಡು ತೆಗೆದುಹಾಕಿದರೆ ಸಾಕು ಅಂದುಕೊಳ್ಳುವವರೂ ಇದ್ದಾರೆ.