ರಿಕಾರ್ಡೊ ಅಡೆ ಗೆದ್ದಿದ್ದು ಲಿಬರ್ಟಡೋರೆಸ್ ಅಲ್ಲ

ಹೈಟಿ ಫುಟ್‌ಬಾಲ್ ತಂಡದ ಸೆಂಟರ್ ಬ್ಯಾಕ್ (ರಕ್ಷಣಾ ಆಟಗಾರ) ರಿಕಾರ್ಡೊ ಅಡೆ 2023ರಲ್ಲಿ ಈಕ್ವೆಡಾರ್‌ನ ಎಲ್‌ಡಿಯು ಕ್ವಿಟೊ ಕ್ಲಬ್ ಪರ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಕೋಪಾ ಲಿಬರ್ಟಡೋರೆಸ್ ಗೆದ್ದರು ಅನ್ನೋ ಮೆಸೇಜ್ ಓಡಾಡ್ತಾ ಇದೆ. ಇದು ತಪ್ಪು. ಅವರು ಆ ವರ್ಷ ಗೆದ್ದಿದ್ದು ಕೋಪಾ ಸುಡಮೆರಿಕಾನಾ. ಅದು ಲಿಬರ್ಟಡೋರೆಸ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ.

ಫೈನಲ್ ನಡೆದಿದ್ದು ಅಕ್ಟೋಬರ್ 28ರಂದು, ಉರುಗ್ವೆಯ ಮಾಲ್ಡೊನಾಡೊದಲ್ಲಿ. ಬ್ರೆಜಿಲ್‌ನ ಫೋರ್ಟಲೇಜಾ ಎದುರು 1-1 ಆಗಿ, ಪೆನಾಲ್ಟಿಯಲ್ಲಿ 4-3ರಿಂದ ಕ್ವಿಟೊ ಗೆದ್ದಿತು. ಆ ವರ್ಷದ ಲಿಬರ್ಟಡೋರೆಸ್ ಹೋಗಿದ್ದು ಬ್ರೆಜಿಲ್‌ನದೇ ಇನ್ನೊಂದು ಕ್ಲಬ್ ಫ್ಲುಮಿನೆನ್ಸ್‌ಗೆ, ಫೈನಲ್‌ನಲ್ಲಿ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಸೋತಿತ್ತು. ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೊಲ್‌ನ ಚಾಂಪಿಯನ್ನರ ಪಟ್ಟಿಯಲ್ಲೂ ಹೀಗೇ ಇದೆ.

ಗೊಂದಲ ಎಲ್ಲಿಂದ ಬಂತು ಅಂದ್ರೆ, ಕ್ವಿಟೊ 2008ರಲ್ಲಿ ಲಿಬರ್ಟಡೋರೆಸ್ ಗೆದ್ದಿದ್ದು ನಿಜ, ಅದೂ ಇದೇ ಫ್ಲುಮಿನೆನ್ಸ್ ವಿರುದ್ಧ ಪೆನಾಲ್ಟಿಯಲ್ಲಿ, ಎರಡೂ ಕಥೆ ಬೆರೆತು ಹೋಗಿರಬೇಕು. ಆಗ ಅಡೆ ಆ ಕ್ಲಬ್‌ನಲ್ಲಿ ಇರಲೇ ಇಲ್ಲ.

ಅವರ ನಿಜವಾದ ಸಾಧನೆಯೇನು ಕಮ್ಮಿ ಅಲ್ಲ. ಚಿಲಿಯ ಕ್ಲಬ್‌ಗಳಲ್ಲಿ ಆಡಿ ಈಕ್ವೆಡಾರ್‌ಗೆ ಬಂದವರು, 2022ರಲ್ಲಿ ಅಲ್ಲಿನ ಔಕಾಸ್ ಕ್ಲಬ್ ಮೊಟ್ಟಮೊದಲ ಸಲ ದೇಶದ ಲೀಗ್ ಗೆದ್ದಾಗ ಆ ತಂಡದಲ್ಲಿದ್ದರು. ಮರುವರ್ಷ ಕ್ವಿಟೊ ಜೊತೆ ಲೀಗೂ ಸುಡಮೆರಿಕಾನಾವೂ ಎರಡೂ ಬಂತು. ನನಗಂತೂ ಔಕಾಸ್ ಗೆಲುವೇ ಜಾಸ್ತಿ ದೊಡ್ಡದು ಅನಿಸುತ್ತೆ.

ದಯವಿಟ್ಟು ಆ ಹಳೇ ಮೆಸೇಜ್ ಫಾರ್ವರ್ಡ್ ಮಾಡಬೇಡಿ, ಗ್ರೂಪ್‌ಗೆ ಈಗಾಗಲೇ ಹಾಕಿದ್ದರೆ ಅಳಿಸಿಬಿಡಿ.