ಸಿಸ್ಟರ್ ಎಣ್ಣೆ ತಿಕ್ಕಿದರೆ ಯಾರ ಮರ್ಯಾದೆ ಹೋಗುತ್ತದೆ?

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಇವತ್ತು ನಡೆದದ್ದು ನೋಡಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆಸ್ಪತ್ರೆಯಲ್ಲಿ ದುಡಿಯುವ ಸಿಸ್ಟರ್ ಒಬ್ಬರು, ರಜೆಯ ದಿನ ಹೆಂಗಸರಿಗೂ ವಯಸ್ಸಾದವರಿಗೂ ಮನೆಗೇ ಬಂದು ಮಸಾಜ್ ಮಾಡಿಕೊಡುತ್ತೇನೆ ಅಂತ ಮೆಸೇಜು ಹಾಕಿದ್ದರು. "ನರ್ಸಿಂಗ್ ಓದಿ ಮೈ ತಿಕ್ಕುವ ಕೆಲಸವಾ?" ಅಂತ ಒಬ್ಬರು. "ಇದೆಲ್ಲ ನಮ್ಮ ಬಿಲ್ಡಿಂಗಿಗೆ ಬೇಡ" ಅಂತ ಇನ್ನೊಬ್ಬರು. ಪಾಪ, ಅವರು ಮೆಸೇಜನ್ನೇ ಅಳಿಸಿದರು. 2025ರ ಜನವರಿಯಲ್ಲಿ ಬಿಜೈಯ ಮಸಾಜ್ ಸೆಂಟರಿಗೆ, ಅಲ್ಲಿ ಅನೈತಿಕ ಕೆಲಸ ನಡೆಯುತ್ತದೆ ಅಂತ, ಗುಂಪೊಂದು ನುಗ್ಗಿ ಪುಡಿಗಟ್ಟಿದ ಮೇಲಂತೂ ಮಂಗಳೂರಿನಲ್ಲಿ ಈ ಕೆಲಸ ಮಾಡುವವರನ್ನೆಲ್ಲ ಒಂದೇ ಅನುಮಾನದ ಕಣ್ಣಲ್ಲಿ ನೋಡುತ್ತಾರೆ.

ಎಂತ ಮಾರಾಯ್ರೆ, ಬೆನ್ನು ನೀವುವುದು ನರ್ಸಿಂಗಿನಲ್ಲಿ ಶುರುವಿಗೇ ಕಲಿಸುವ ಪಾಠ. ಸೊಂಟದಿಂದ ಹೆಗಲಿನವರೆಗೆ ಅಂಗೈ ಪೂರ್ತಿ ಊರಿ ಉದ್ದಕ್ಕೆ ನೀವುವುದು, ಹೆಗಲಿನ ಮಾಂಸ ಹಿಡಿದು ಮೆತ್ತಗೆ ಹಿಸುಕುವುದು, ಬೆನ್ನೆಲುಬಿನ ಮೇಲೆ ಒತ್ತದೆ ಅದರ ಎರಡೂ ಬದಿಯಲ್ಲಿ ಬೆರಳು ಆಡಿಸುವುದು, ಎಲ್ಲವನ್ನೂ ಮಾಡಿ ತೋರಿಸಬೇಕು. ತಿಕ್ಕುವುದನ್ನು ಯಾರೂ ಕಲಿಯಬಹುದು. ಎಲ್ಲಿ ಕೈ ಇಡಬಾರದು ಅನ್ನುವುದು ಸಿಸ್ಟರಿಗೆ ಗೊತ್ತು. ನೀವು ದುಡ್ಡು ಕೊಡುವುದು ಅದಕ್ಕೆ.

ಬೆಂಗಳೂರಿಂದ ರಾತ್ರಿ ಬಸ್ಸಿನಲ್ಲಿ ಕೂತು ಬಂದವರು "ಮೀನಖಂಡ ಹಿಡಿದಿದೆ, ಚೆನ್ನಾಗಿ ತಿಕ್ಕಿ" ಅನ್ನುತ್ತಾರೆ. ಗೊತ್ತಿಲ್ಲದವರು ಎಣ್ಣೆ ಸುರಿದು ತಿಕ್ಕಿಬಿಡುತ್ತಾರೆ. ಗೊತ್ತಿರುವವರು ಮೊದಲು ಎರಡೂ ಕಾಲನ್ನು ಜೊತೆಗಿಟ್ಟು ನೋಡುತ್ತಾರೆ. ಒಂದೇ ಕಾಲು ಊದಿದೆಯಾ, ಬಿಸಿ ಇದೆಯಾ, ಕೆಂಪಾಗಿದೆಯಾ? ಮೊಣಕಾಲಿನ ಚಿಪ್ಪಿನ ಕೆಳಗೆ ಎಲುಬಿನ ಒಂದು ಉಬ್ಬು ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಟೇಪು ಸುತ್ತಿ ಎರಡೂ ಕಾಲು ಅಳೆಯಬೇಕು. ವ್ಯತ್ಯಾಸ 3 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಕಾಲನ್ನು ಮುಟ್ಟಬಾರದು, ಅವತ್ತೇ ಡಾಕ್ಟರ ಹತ್ತಿರ ಕಳಿಸಬೇಕು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕುವಾಗ ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಜೀವಕ್ಕೇ ಅಪಾಯ. ಅಳತೆ ಸಮ ಬಂದರೂ ಅನುಮಾನ ಉಳಿದರೆ ಬಿಟ್ಟುಬಿಡುವುದೇ ಸರಿ.

ಹಾಸಿಗೆ ಹಿಡಿದವರ ವಿಷಯವೂ ಹಾಗೆಯೇ. ಸೊಂಟದ ಹತ್ತಿರ ಚರ್ಮ ಕೆಂಪಾದರೆ ಸ್ಪಿರಿಟ್ ಹಾಕಿ, ಪೌಡರ್ ಹಚ್ಚಿ ಗಟ್ಟಿ ತಿಕ್ಕುವ ಪದ್ಧತಿ ಹಿಂದೆ ಇತ್ತು, ಮನೆಗಳಲ್ಲಿ ಈಗಲೂ ಉಂಟು. ಅದು ತಪ್ಪು. ಒತ್ತಿದರೂ ಬಿಳಿಚದ ಕೆಂಪು ಅಂದರೆ ಒಳಗಿನ ಮಾಂಸ ಆಗಲೇ ಪೆಟ್ಟು ತಿಂದಿದೆ ಅಂತ ಅರ್ಥ. ತಿಕ್ಕಿದರೆ ಹುಣ್ಣು ಬೇಗ ಬಾಯಿ ಬಿಡುತ್ತದೆ. ಮಗ್ಗುಲು ಬದಲಿಸಿ ಆ ಜಾಗದ ಭಾರ ಇಳಿಸಬೇಕು.

"ಬಾಣಂತಿಯನ್ನು ಮೀಯಿಸಲು ಬರುತ್ತಿದ್ದ ಅಜ್ಜಿಯರು ಯಾವ ಕಾಲೇಜಿಗೆ ಹೋಗಿದ್ದರು?" ಅಂತ ಕೇಳುವವರಿದ್ದಾರೆ. ಆ ಅಜ್ಜಿಯರ ಕೈಯ ಹದ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಈಗ ಸಿಸೇರಿಯನ್ ಎಷ್ಟೊಂದು! ಹೊಲಿಗೆಯ ಮೇಲೆ ಹೊಟ್ಟೆ ಒತ್ತಿ ತಿಕ್ಕಲಿಕ್ಕಿಲ್ಲ, ಆರು ವಾರದ ತಪಾಸಣೆಯಲ್ಲಿ ಡಾಕ್ಟರು ಆಗಬಹುದು ಅನ್ನುವವರೆಗೆ ಕಾಯಬೇಕು. ಅದೇ ಆರು ವಾರಗಳಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಬೆನ್ನು, ಹೆಗಲು, ಕೈ ಸಾಕು. ಇದನ್ನು ಬಾಣಂತಿಯ ಅತ್ತೆಗೆ ಧೈರ್ಯವಾಗಿ ಹೇಳಬಲ್ಲವರು ಸಿಸ್ಟರೇ.

ಈ ಕೆಲಸಕ್ಕೆ ಇಳಿಯುವ ಸಿಸ್ಟರುಗಳಿಗೂ ಮಾತಿದೆ. ಮೊದಲ ಫೋನಿನಲ್ಲೇ ಕೇಳಿ: ರಕ್ತ ತೆಳುವಾಗಿಸುವ ಮಾತ್ರೆ ಉಂಟಾ, ಜ್ವರ ಉಂಟಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಬಿದ್ದಿದ್ದಾರಾ. ಹೋದ ಮೇಲೆ ಬಿಪಿ ನೋಡಿ. ಮೇಲಿನದ್ದು 180 ಅಥವಾ ಕೆಳಗಿನದ್ದು 110 ಮುಟ್ಟಿದ್ದರೆ ಎಣ್ಣೆ ಬಾಟಲಿ ಬ್ಯಾಗಿನಲ್ಲೇ ಇರಲಿ. ಕುತ್ತಿಗೆಯಲ್ಲಿ ಹಿಂಬದಿ ಮಾತ್ರ. ನಾಡಿ ಸಿಗುವ ಎರಡು ಪಕ್ಕ ಒತ್ತಿದರೆ ಬಿಪಿ ಇಳಿದು ವಯಸ್ಸಾದವರು ತಲೆತಿರುಗಿ ಬೀಳಬಹುದು. ಬೆನ್ನು ಮತ್ತು ಕಾಲಿಗೆ 30 ಮಿ.ಲೀ. ತೆಂಗಿನೆಣ್ಣೆ ಧಾರಾಳ. ಎಣ್ಣೆಯನ್ನು ಗ್ಯಾಸಿನ ಮೇಲೆ ಇಡಬೇಡಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ನಿಮ್ಮ ಮಣಿಕಟ್ಟಿನ ಒಳಗೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಲ್ಯಾವೆಂಡರ್‌ನಂಥ ಸುಗಂಧ ತೈಲ ಬೇಕೆಂದರೆ ಆ 30 ಮಿ.ಲೀ.ಗೆ ಹನ್ನೆರಡು ಹನಿ, ಅದಕ್ಕಿಂತ ಹೆಚ್ಚಾದರೆ ಚರ್ಮ ಉರಿಯಬಹುದು.

ಮುಗಿದ ಮೇಲೆ ಅಂಗಾಲನ್ನು ಬೈರಾಸಿನಿಂದ ಒಣಗುವಷ್ಟು ಒರೆಸಿ. ರೆಡ್ ಆಕ್ಸೈಡ್ ನೆಲದಲ್ಲಿ ಎಣ್ಣೆ ಕಾಲು ಜಾರಿ ಸೊಂಟ ಮುರಿದರೆ ಆರು ತಿಂಗಳು ಮನೆಯೇ ಮಲಗುತ್ತದೆ. ಎದ್ದ ಕೂಡಲೇ ನಿಲ್ಲಿಸಬೇಡಿ, ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂರಿಸಿ. ಒಬ್ಬರ ಬೆಡ್‌ಶೀಟು ಇನ್ನೊಬ್ಬರಿಗೆ ಬೇಡ. ನಮ್ಮ ಮಳೆಗಾಲದಲ್ಲಿ ಅರೆ ಒಣಗಿದ ಬಟ್ಟೆಯಿಂದ ಹುಳುಕಡ್ಡಿ ಮನೆಮನೆಗೆ ದಾಟುತ್ತದೆ.

ನಿಮ್ಮ ಸೊಂಟವೂ ನೋಡಿಕೊಳ್ಳಿ. ತಗ್ಗಿನ ಮಂಚಕ್ಕೆ ಬಗ್ಗಿ ಮುಕ್ಕಾಲು ಗಂಟೆ ನಿಂತರೆ ವಾರ್ಡಿನಲ್ಲಿ ಮರುದಿನ ಪೇಷಂಟನ್ನು ಎತ್ತಲಾಗುವುದಿಲ್ಲ. ಕೈ ಇಳಿಬಿಟ್ಟಾಗ ಗೆಣ್ಣು ತಾಗುವಷ್ಟು ಎತ್ತರದ ಮೇಜು ಸರಿ. ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋದರೆ ಅದರ ಬುಡವೇ ಸವೆಯುತ್ತದೆ, ಮುಂಗೈ ಬಳಸಿ. ರಾತ್ರಿಪಾಳಿಯ ಮರುದಿನ ಯಾರ ಮನೆಗೂ ಹೋಗಬೇಡಿ.

ಸರ್ಕಾರಿ ಕೆಲಸದಲ್ಲಿದ್ದರೆ ಸೇವಾ ನಿಯಮದ ಪ್ರಕಾರ ಮೊದಲು ಅನುಮತಿ ಬೇಕು. ಖಾಸಗಿಯವರು ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಅಂತ ಓದಿ. ಯೂನಿಫಾರ್ಮ್ ಹಾಕಿಕೊಂಡು ಹೋಗಬೇಡಿ, ಗಂಟುನೋವು ವಾಸಿಯಾಗುತ್ತದೆ ಅಂತ ಹೇಳಬೇಡಿ. ಕಾಲು ಜೋಮು ಹಿಡಿಯುವ ಸೊಂಟನೋವಿಗೆ ಫಿಸಿಯೋಥೆರಪಿಸ್ಟರ ದಾರಿ ತೋರಿಸಿ. ಮೊದಲ ಸಲ ಹೋಗುವಾಗ ಮನೆಯವರೊಬ್ಬರು ಇರಲೇಬೇಕು, ಕೋಣೆಯ ಬಾಗಿಲಿಗೆ ಚಿಲಕ ಬೇಡ. ಒಂದು ನೋಟ್‌ಬುಕ್ ಇಡಿ: ದಿನಾಂಕ, ಬಿಪಿ, ಮಾತ್ರೆ, ಎಣ್ಣೆ, ಎಲ್ಲಿ ಮುಟ್ಟಲಿಲ್ಲ, ಯಾಕೆ ಮುಟ್ಟಲಿಲ್ಲ, ಕೆಳಗೆ ಅವರ ಸಹಿ.